ಮದುವೆಗೆ ಮುಂಚಿನ ಭಾವಚಿತ್ರ



ಕಳೆದ ವಾರದ ಗೋಷ್ಠಿ ಮುಗಿದ ಮೇಲೆ ನಾಲ್ಕೈದು ಮಂದಿ ಹಿರಿಯರು ಒಟ್ಟಾಗಿ ನಮ್ಮ ಬಳಿಗೆ ಬಂದರು. ಅವರ ಮುಖದಲ್ಲಿ ಸಿಟ್ಟೂ ಇತ್ತು, ಸಂಕೋಚವೂ ಇತ್ತು. "ಬುದ್ಧಿ, ಈಗಿನ ಹುಡುಗ ಹುಡುಗಿಯರು ಮದುವೆಗೆ ಮುಂಚೆಯೇ ಕೈ ಕೈ ಹಿಡಿದುಕೊಂಡು ಕೆರೆ, ಗುಡ್ಡ, ಕೋಟೆ ಎಂದು ತಿರುಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮದುವೆಯ ದಿನ ಅದನ್ನೇ ಛತ್ರದಲ್ಲಿ ದೊಡ್ಡ ಪರದೆಯ ಮೇಲೆ ಸಿನಿಮಾದ ಹಾಗೆ ತೋರಿಸುತ್ತಾರೆ. ನಾವು ತಲೆ ತಗ್ಗಿಸಿಕೊಂಡು ಕೂರಬೇಕಾಗಿದೆ. ಮಠದಿಂದ ಒಂದು ಅಪ್ಪಣೆಯಾಗಲಿ, ಇದು ನಿಲ್ಲಲಿ" ಎಂದು ಕೇಳಿಕೊಂಡರು. ಅವರಲ್ಲೊಬ್ಬರು ಪತ್ರಿಕೆ ಓದುವವರು. 2019ರಲ್ಲಿ ಭೋಪಾಲದ ಕೆಲವು ಸಮಾಜಗಳ ಸಂಘಗಳು ಇಂಥ ಚಿತ್ರೀಕರಣಕ್ಕೆ ನಿರ್ಬಂಧ ಹಾಕಿದ್ದನ್ನು ನೆನಪಿಸಿದರು. ನಾವು ಆ ದಿನ ಉತ್ತರ ಕೊಡಲಿಲ್ಲ. ಮುಂದಿನ ವಾರ ಎಲ್ಲರ ಎದುರಿಗೇ ಮಾತಾಡೋಣ ಎಂದೆವು. ಆದ್ದರಿಂದ ಇಂದಿನ ನಾಲ್ಕು ಮಾತು ಇದರ ಮೇಲೆ.

ಇದಕ್ಕೆ ಅವರು ಇಟ್ಟಿರುವ ಹೆಸರು ಪ್ರೀ ವೆಡ್ಡಿಂಗ್ ಶೂಟ್. ಶೂಟ್ ಎಂದರೆ ಗುಂಡು ಹೊಡೆಯುವುದು ಎಂದಷ್ಟೇ ನಮಗೆ ಗೊತ್ತಿತ್ತು. ಮೊದಲ ಸಲ ಒಬ್ಬ ತಾಯಿ ಬಂದು "ನಾಳೆ ನಮ್ಮ ಮಗನ ಶೂಟಿದೆ ಬುದ್ಧಿ, ಆಶೀರ್ವಾದ ಮಾಡಿ" ಎಂದಾಗ, ಹುಡುಗ ಪೊಲೀಸು ಕೆಲಸಕ್ಕೆ ಸೇರಿದನೇನೋ ಎಂದುಕೊಂಡೆವು. ಆಮೇಲೆ ತಿಳಿಯಿತು, ಹೊಡೆಯುವುದು ಗುಂಡನ್ನಲ್ಲ, ಬೆಳಕನ್ನು ಎಂದು. ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಒಳ್ಳೆಯ ಮಾತುಗಳಿವೆ. ಒಂದು ಛಾಯಾಚಿತ್ರ, ಇನ್ನೊಂದು ಭಾವಚಿತ್ರ. ಛಾಯೆ ಎಂದರೆ ನೆರಳು. ಮನುಷ್ಯನ ನೆರಳನ್ನು ಯಂತ್ರ ಹಿಡಿಯುತ್ತದೆ. ಭಾವವನ್ನು ಯಂತ್ರ ತಾನಾಗಿ ಹಿಡಿಯಲಾರದು; ಎದುರಿಗೆ ನಿಂತವರಲ್ಲಿ ಅದು ಇದ್ದರೆ ಮಾತ್ರ ಬರುತ್ತದೆ. ಹಣ ಕೊಟ್ಟರೆ ಛಾಯಾಚಿತ್ರ ಸಿಕ್ಕೀತು, ಭಾವಚಿತ್ರ ಸಿಕ್ಕೀತೆಂದು ಹೇಳಲಾಗದು.

ಮೊದಲು ನಮ್ಮ ಹಳೆಯ ಮದುವೆಯ ಚಿತ್ರಗಳನ್ನು ನೆನೆದುಕೊಳ್ಳಿ. ನಿಮ್ಮಲ್ಲಿ ಎಪ್ಪತ್ತು ದಾಟಿದವರ ಮನೆಯ ಗೋಡೆಯ ಮೇಲೆ ಅಂಥದೊಂದು ಇದ್ದೇ ಇರುತ್ತದೆ. ಗಂಡ ಕುರ್ಚಿಯಲ್ಲಿ ಕೂತಿರುತ್ತಾನೆ, ಹೆಂಡತಿ ಪಕ್ಕದಲ್ಲಿ ನಿಂತಿರುತ್ತಾಳೆ. ಇಬ್ಬರ ಮುಖದಲ್ಲಿಯೂ ನಗುವಿಲ್ಲ. ಯಾರೋ ದಂಡ ಹಾಕಿ ನಿಲ್ಲಿಸಿದ ಹಾಗೆ ನಿಂತಿರುತ್ತಾರೆ. ಫೋಟೋ ತೆಗೆಯುವ ವಿದ್ಯೆ ಫ್ರಾನ್ಸಿನಲ್ಲಿ ಲೋಕಕ್ಕೆ ತೆರೆದದ್ದು 1839ರಲ್ಲಿ. ಆಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ತಲೆ ಅಲ್ಲಾಡಬಾರದೆಂದು ಕತ್ತಿನ ಹಿಂದೆ ಕಬ್ಬಿಣದ ಆಸರೆ ಇಡುತ್ತಿದ್ದರು. ನಗುವನ್ನು ಅಷ್ಟು ಹೊತ್ತು ಹಿಡಿದಿಡಲು ಯಾರಿಂದ ಸಾಧ್ಯ? ಮುಂದೆ ಯಂತ್ರ ಚುರುಕಾಯಿತು, ಆದರೆ ಬಿಗಿದ ಮುಖದ ರೂಢಿ ಉಳಿಯಿತು. ನಮ್ಮಲ್ಲಿ ಇನ್ನೊಂದು ಕಾರಣವೂ ಇತ್ತು. ಆ ಇಬ್ಬರೂ ಒಬ್ಬರಿಗೊಬ್ಬರು ಅಪರಿಚಿತರು! ಹೆಣ್ಣು ನೋಡಲು ಬಂದ ದಿನ ಹುಡುಗಿ ತಟ್ಟೆ ಹಿಡಿದು ಬಂದು ಹೋದಳು, ವೀಳ್ಯದ ದಿನ ಹಿರಿಯರು ಮಾತಾಡಿದರು, ಮದುವೆಯ ದಿನ ಅಕ್ಕಿಕಾಳು ಬಿದ್ದವು. ಮೊದಲ ಮಾತು ನಡೆದದ್ದು ಆಮೇಲೆ. ಆ ಫೋಟೋ ಸುಳ್ಳು ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆಯೇ ತೋರಿಸಿತು.

ನಮ್ಮ ಪೂರ್ವಾಶ್ರಮದ ಮನೆಯಲ್ಲಿಯೂ ಅಂಥದೊಂದು ಚಿತ್ರವಿತ್ತು. ಈ ಮಾತನ್ನು ನಾವು ಆಡುವುದು ಕಡಿಮೆ, ಆದರೂ ವಿಷಯ ಬಂದಿದೆ, ಹೇಳಿಬಿಡುತ್ತೇವೆ. ಮದುವೆಯಾದ ವರ್ಷ ತಂದೆ ತಾಯಿ ದಾವಣಗೆರೆಗೆ ಹೋಗಿ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಬಣ್ಣ ಬಳಿದ ಪರದೆ, ಅದರಲ್ಲಿ ಒಂದು ಉದ್ಯಾನ, ಕೊಳ, ಕೊಳದಲ್ಲಿ ಹಂಸ. ತಂದೆಯವರ ಮೈಮೇಲಿನ ಕೋಟು ಸ್ಟುಡಿಯೋದವರದು. ಕೈಗಡಿಯಾರವೂ ಅವರದೇ. ತಾಯಿಯವರು ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದರು. ಅದನ್ನು ಗಾಜಿನ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ಒಂದು ವರ್ಷ ಜಡಿಮಳೆ ಹಿಡಿಯಿತು, ಮಾಳಿಗೆ ಸೋರಿತು, ಗೋಡೆಯ ಮೇಲೆ ನೀರು ಇಳಿಯಿತು. ಚಿತ್ರ ಗಾಜಿಗೆ ಅಂಟಿಕೊಂಡಿತು. ತಂದೆಯವರು ಅದನ್ನು ಬಿಸಿಲಿಗಿಟ್ಟು ಮೆಲ್ಲಗೆ ಬಿಡಿಸಲು ಹೋದರು. ತಾಯಿಯ ಮುಖವಿದ್ದ ಕಡೆ ಗಾಜಿನ ಜೊತೆಗೇ ಕಿತ್ತು ಬಂತು. ತಂದೆಯವರು ಉಳಿದರು, ಹಂಸವೂ ಉಳಿಯಿತು; ತಾಯಿಯವರದು ಕುರ್ಚಿಯ ಮೇಲಿಟ್ಟ ಕೈ ಮಾತ್ರ ಉಳಿಯಿತು. ಅವರದು ಬೇರೆ ಚಿತ್ರವೇ ಇರಲಿಲ್ಲ. ನಾವು ಮಠಕ್ಕೆ ಬಂದದ್ದು ಎಳೆಯ ವಯಸ್ಸಿನಲ್ಲಿ. ಅವರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಈಗಲೂ ಕೆಲವು ಸಲ ಮುಖವನ್ನು ನೆನಪಿಗೆ ತಂದುಕೊಳ್ಳಲು ಹೋದರೆ ಆ ಕೈ ಮೊದಲು ಬರುತ್ತದೆ.

ಆದ್ದರಿಂದ ಫೋಟೋ ತೆಗೆಸಿಕೊಳ್ಳುವುದೇ ತಪ್ಪು ಎಂದು ನಮ್ಮಿಂದ ಹೇಳಿಸಬೇಡಿ. ಅದು ನಮ್ಮ ಬಾಯಲ್ಲಿ ಬರುವ ಮಾತಲ್ಲ.

ಈಗ ಆ ಹಿರಿಯರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇವೆ. ಅವರು ಬರುವುದಕ್ಕೆ ಒಂದು ತಿಂಗಳು ಮುಂಚೆ ನಮ್ಮ ಭಕ್ತರ ಮನೆಯ ಹುಡುಗ, ಅವನಿಗೆ ನಿಶ್ಚಯವಾದ ಹುಡುಗಿ, ಹುಡುಗಿಯ ಸೋದರಮಾವ, ಈ ಮೂವರು ಮಠಕ್ಕೆ ಬಂದಿದ್ದರು. ಹುಡುಗ ಬೆಂಗಳೂರಿನಲ್ಲಿ ಕಂಪನಿಯ ಕೆಲಸದಲ್ಲಿದ್ದಾನೆ. ಹುಡುಗಿ ಪ್ರೌಢಶಾಲೆಯ ಮಾಸ್ತರಿಕೆ ಮಾಡುತ್ತಾಳೆ. ಅವಳ ತಂದೆ ನಾಲ್ಕು ಎಕರೆ ಮೆಕ್ಕೆಜೋಳದ ರೈತ. ಮಠದ ಹಳೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಫೋಟೋ ತೆಗೆಸಲು ಅಪ್ಪಣೆ ಬೇಕೆಂದು ಬಂದಿದ್ದರು. ಹುಡುಗ ಬಹಳ ಉತ್ಸಾಹಿ. ಮೊಬೈಲು ತೆಗೆದು ಎಲ್ಲ ವಿವರಿಸಿದ. ಬೆಳಿಗ್ಗೆ ಚಿತ್ರದುರ್ಗದ ಕೋಟೆ. ಮಧ್ಯಾಹ್ನ ಶಾಂತಿಸಾಗರದ ಕೆರೆಯಲ್ಲಿ ತೆಪ್ಪ. ಸಂಜೆ ನಮ್ಮ ಕಲ್ಯಾಣಿ. ನಾಲ್ಕು ಜೊತೆ ಬಟ್ಟೆ. ತಲೆಯ ಮೇಲೆ ಹಾರುವ ಡ್ರೋನ್ ಕ್ಯಾಮೆರಾ ಬೇರೆ. ಒಟ್ಟು ಖರ್ಚು 60,000 ರೂಪಾಯಿ, ಎರಡು ಮನೆಯವರೂ ಅರ್ಧರ್ಧ.

"ನೀನೇನು ಹೇಳುತ್ತೀಯವ್ವ?" ಎಂದು ಹುಡುಗಿಯನ್ನು ಕೇಳಿದೆವು.

"ಅವರು ಹೇಳಿದ ಹಾಗೆ ಬುದ್ಧಿ" ಎಂದಳು.

ಈ ಮಾತನ್ನು ನಾವು ಎಷ್ಟೋ ತಾಯಂದಿರ ಬಾಯಿಂದ ಕೇಳಿದ್ದೇವೆ. ಒಪ್ಪಿದವರೂ ಹೀಗೆಯೇ ಹೇಳುತ್ತಾರೆ, ಒಪ್ಪದವರೂ ಹೀಗೆಯೇ ಹೇಳುತ್ತಾರೆ. ಎರಡರ ನಡುವಿನ ವ್ಯತ್ಯಾಸ ಕಣ್ಣಿನಲ್ಲಿರುತ್ತದೆ. ಅವಳು ನೆಲ ನೋಡುತ್ತಿದ್ದಳು. ನಾವು ಹುಡುಗನಿಗೆ, "ತಮ್ಮಾ, ಅಪ್ಪಣೆ ಆಮೇಲೆ ನೋಡೋಣ. ಮೊದಲು ಇಬ್ಬರೂ ಹೋಗಿ ಆ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಬನ್ನಿ. ಮೊಬೈಲು ಇಲ್ಲೇ ಇರಲಿ. ಮಾವನವರು ನಮ್ಮ ಜೊತೆ ಕೂರುತ್ತಾರೆ" ಎಂದೆವು. ಮಾವನವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ, ಆದರೆ ಸ್ವಾಮಿಗಳ ಮಾತು ಎಂದು ಸುಮ್ಮನಾದರು.

ಅರ್ಧ ಗಂಟೆ ಎಂದವರು ಒಂದೂವರೆ ಗಂಟೆ ಬರಲಿಲ್ಲ. ದಾಸೋಹದ ಗಂಟೆಯಾದ ಮೇಲೆ ಬಂದರು. ಹುಡುಗನ ಮುಖ ಸಣ್ಣದಾಗಿತ್ತು. "ಬುದ್ಧಿ, ಇವರ ತಂದೆಯವರು ಈ ಫೋಟೋಕ್ಕಾಗಿ ಮನೆಯ ಕಡಸು ಮಾರಿದ್ದಾರಂತೆ. ನನಗೆ ಗೊತ್ತಿರಲಿಲ್ಲ" ಎಂದ. ಸ್ವಲ್ಪ ತಡೆದು, "ಇವರಿಗೆ ನೀರೆಂದರೆ ಭಯವಂತೆ, ಅದೂ ಗೊತ್ತಿರಲಿಲ್ಲ" ಎಂದ.

ನೋಡಿ, ನಿಶ್ಚಯವಾಗಿ ಮೂರು ತಿಂಗಳಾಗಿತ್ತು. ದಿನವೂ ಫೋನಿನಲ್ಲಿ ಮಾತಾಡುತ್ತಿದ್ದರು. ಬಟ್ಟೆಯ ಬಣ್ಣದ ವಿಚಾರ ಗೊತ್ತಿತ್ತು, ಕಡಸಿನ ವಿಚಾರ ಗೊತ್ತಿರಲಿಲ್ಲ. ಹುಡುಗ ಕೆಟ್ಟವನಲ್ಲ. ಕೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಅವಳಿಗೆ, ಹೇಳಿದರೆ ತನ್ನ ತಂದೆಯ ಮಾನ ಹೋದೀತೆಂಬ ಅಳುಕು. ಈ ಅಳುಕನ್ನು ಇಟ್ಟುಕೊಂಡೇ ಹಸೆಗೆ ಏರಿದ ಎಷ್ಟು ಜನ, ಮುಂದೆ ಹತ್ತು ವರ್ಷವಾದರೂ ಗಂಡನಿಗೆ ಮನಸ್ಸಿನ ಮಾತು ಹೇಳದೆ ಇದ್ದಾರೆ ಎಂಬುದನ್ನು ನಾವು ಮಠದಲ್ಲಿ ಕೂತು ಬಲ್ಲೆವು. ನ್ಯಾಯಕ್ಕೆಂದು ನಮ್ಮ ಬಳಿ ಬರುವ ಸಂಸಾರಗಳಲ್ಲಿ ಜಗಳ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಹೇಳದೆ ಉಳಿದದ್ದು ದೊಡ್ಡದಿರುತ್ತದೆ.

ನೀರಿನ ಮಾತು ಬಂದದ್ದು ನಮಗೆ ಇನ್ನೊಂದನ್ನು ನೆನಪಿಸಿತು. 2020ರ ನವೆಂಬರ್ ತಿಂಗಳಲ್ಲಿ ತಲಕಾಡಿನ ಹತ್ತಿರ ಕಾವೇರಿಯಲ್ಲಿ ಏನಾಯಿತೆಂದು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಮದುವೆ ಇನ್ನು ಕೆಲವೇ ದಿನಗಳಿದ್ದ ಇಬ್ಬರು, ಹೀಗೆಯೇ ಚಿತ್ರ ತೆಗೆಸಿಕೊಳ್ಳಲು ತೆಪ್ಪ ಹತ್ತಿದವರು, ತೆಪ್ಪ ಮಗುಚಿ ಇಬ್ಬರೂ ಮುಳುಗಿ ಹೋದರು. ಆ ಮನೆಗಳ ಗತಿಯನ್ನು ನೆನೆಯಿರಿ. ತೆಪ್ಪದ ರಚನೆಯನ್ನು ಬಲ್ಲವರಿಗೆ ಇದು ಗೊತ್ತು. ಅದು ದುಂಡಗಿನ ಬುಟ್ಟಿ. ದೋಣಿಗೆ ಇರುವ ಹಾಗೆ ಅದಕ್ಕೆ ತಳದಲ್ಲಿ ಬೆನ್ನುಮೂಳೆಯಿಲ್ಲ. ಎಲ್ಲರೂ ತಳದಲ್ಲಿ ಕುಕ್ಕರಿಸಿ ಕೂತರೆ ಮಾತ್ರ ಸಮತೂಕದಲ್ಲಿರುತ್ತದೆ. ಒಬ್ಬರು ಎದ್ದು ಅಂಚಿಗೆ ಬಂದರೆ ಭಾರ ಒಂದು ಕಡೆಗೆ ವಾಲುತ್ತದೆ. ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದ ಅಂಬಿಗ ಸುಮ್ಮನೆ ಎದ್ದು ನಿಲ್ಲುವುದಿಲ್ಲ. ಉದ್ದನೆಯ ಅಂಗಿ, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು, ಈಜು ಬಾರದ ಮಕ್ಕಳು ಎದ್ದು ನಿಂತು ಕೈ ಚಾಚಿದರೆ ನೀರಿಗೆ ಅದು ಸಿನಿಮಾ ಎಂದು ತಿಳಿಯುತ್ತದೆಯೇ? ಜಲಪಾತದ ಪಾಚಿಗಟ್ಟಿದ ಬಂಡೆ, ರೈಲಿನ ಹಳಿ, ಕೋಟೆಯ ಬುರುಜಿನ ಅಂಚು, ಎಲ್ಲವೂ ಹೀಗೆಯೇ. ನೀರಿನ ಮಧ್ಯದಲ್ಲಿಯೇ ಆಗಬೇಕೆಂದರೆ ತೇಲುವ ಅಂಗಿ ತೊಟ್ಟು ಕೂತಿರಿ. ಚಿತ್ರ ಸ್ವಲ್ಪ ಅಂದಗೆಟ್ಟರೆ ಕೆಡಲಿ.

ಸ್ಥಳದ ಮಾತು ಬಂತೆಂದು ಇನ್ನೊಂದು. 2024ರ ಫೆಬ್ರವರಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಒಬ್ಬ ಗುತ್ತಿಗೆಯ ವೈದ್ಯರು ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಇಂಥ ಚಿತ್ರೀಕರಣ ಮಾಡಿಸಿಕೊಂಡರು. ಒಬ್ಬನನ್ನು ರೋಗಿಯಂತೆ ಮಲಗಿಸಿ, ಇಬ್ಬರೂ ಶಸ್ತ್ರಕ್ರಿಯೆ ಮಾಡುವಂತೆ ನಟಿಸಿದರು. ಕೆಲಸ ಹೋಯಿತು. ತಾನು ದುಡಿಯುವ ಸ್ಥಳದ ಮೇಲೆ ಅಭಿಮಾನವಿರುವುದು ಒಳ್ಳೆಯದೇ. ಕಾಯಕವನ್ನು ಚಿತ್ರದಲ್ಲಿ ತೋರಿಸಬೇಕೆಂಬ ಆಸೆ ನಮಗೆ ಅರ್ಥವಾಗುತ್ತದೆ. ಆದರೆ ಆ ಮಂಚದ ಮೇಲೆ ನಿಜವಾದ ರೋಗಿಗಳು ಮಲಗಬೇಕು. ಕೋಟೆಗಳ ವಿಷಯಕ್ಕೂ ಇದೇ ಮಾತು. ಚಿತ್ರದುರ್ಗದ ಕೋಟೆ, ಹಂಪಿಯ ಗುಡಿಗಳು 1958ರ ಕಾಯಿದೆಯ ಪ್ರಕಾರ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕೈಯಲ್ಲಿ ಹಿಡಿದ ಮೊಬೈಲಿನಿಂದ ತೆಗೆದುಕೊಳ್ಳುವುದು ಬೇರೆ. ಮುಕ್ಕಾಲಿ, ದೀಪ, ಡ್ರೋನ್ ಎಲ್ಲ ಹೊತ್ತುಕೊಂಡು ಹೋಗುವುದು ಬೇರೆ. ಮೊದಲೇ ಇಲಾಖೆಯ ಕಚೇರಿಗೆ ಬರೆದು ಅನುಮತಿ ಪಡೆಯಬೇಕು. ಡ್ರೋನಿಗೆ 2021ರ ನಿಯಮಗಳು ಪ್ರತ್ಯೇಕವಾಗಿವೆ. ಕಾಡಿನೊಳಗೆ ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಹಂಪಿಯ ಕಲ್ಲಿನ ರಥ ನಿಮ್ಮ ಜೇಬಿನ ಐವತ್ತು ರೂಪಾಯಿಯ ಹೊಸ ನೋಟಿನ ಮೇಲೆಯೂ ಇದೆ. ಅದರ ಚಕ್ರದ ಮೇಲೆ ಕಾಲಿಟ್ಟು ನಿಲ್ಲುವ ಆಸೆ ಯಾಕಪ್ಪಾ? ಆ ಶಿಲ್ಪಿ ಎಷ್ಟು ದಿನ ಕುಟ್ಟಿದನೋ.

ನಾವು ಕಲ್ಯಾಣಿಗೆ ಅಪ್ಪಣೆ ಕೊಡಲಿಲ್ಲ. ಕೆಟ್ಟದ್ದೆಂದು ಅಲ್ಲ. ಮೆಟ್ಟಿಲ ಕಲ್ಲುಗಳು ಸಡಿಲವಾಗಿವೆ, ರಿಪೇರಿ ಆಗಬೇಕಾಗಿದೆ. ಇದನ್ನೂ ನೇರವಾಗಿಯೇ ಹೇಳಿದೆವು. ಮಠದ ಹೆಸರಿನಲ್ಲಿ ನೀತಿ ಹೇಳಿ ಕಲ್ಲಿನ ದೋಷ ಮುಚ್ಚುವುದು ಸರಿಯಲ್ಲ.

ಇನ್ನು ಛಾಯಾಗ್ರಾಹಕರ ವಿಚಾರ. ನಮ್ಮ ತಾಲ್ಲೂಕಿನಲ್ಲಿ ಒಬ್ಬರಿದ್ದಾರೆ, ಮಠದ ಭಕ್ತರೇ. ಅವರ ತಂದೆಯವರದೂ ಅದೇ ಕಾಯಕ. ಮಠದ ಹಳೆಯ ಜಾತ್ರೆಗಳ ಚಿತ್ರಗಳೆಲ್ಲ ಅವರು ತೆಗೆದವು. ಆ ಹುಡುಗನನ್ನೂ ಹುಡುಗಿಯನ್ನೂ ಅವರ ಬಳಿಗೆ ಕಳಿಸಿದೆವು. ಆಮೇಲೆ ಅವರೇ ಬಂದು ನಮ್ಮೊಡನೆ ಬಹಳ ಹೊತ್ತು ಮಾತಾಡಿದರು. ಆ ಮಾತು ನಮಗೆ ರುಚಿಸಿತು, ನಿಮಗೂ ಸ್ವಲ್ಪ ಹೇಳುತ್ತೇವೆ.

ಅವರ ತಂದೆಯವರ ಕಾಲದ ಪೆಟ್ಟಿಗೆ ಕ್ಯಾಮೆರಾಕ್ಕೆ ಹಾಕುತ್ತಿದ್ದ ರೀಲಿನಲ್ಲಿ ಚೌಕದ ಚಿತ್ರಗಳಾದರೆ 12, ಉದ್ದದ ಚಿತ್ರಗಳಾದರೆ 8. ಒಂದು ಮದುವೆಗೆ ಎರಡು ರೀಲು ತಂದರೆ ದೊಡ್ಡ ಮನೆಯ ಮದುವೆ ಎಂದು ಅರ್ಥ. ಧಾರೆಗೆ ಒಂದು, ಅಕ್ಕಿಕಾಳಿಗೆ ಒಂದು, ಬೀಗರಿಗೆ ಒಂದು ಎಂದು ಬೆರಳು ಮಡಿಸಿ ಎಣಿಸುತ್ತಿದ್ದರಂತೆ. ಚಿಕ್ಕ ರೀಲು ಬಂದ ಮೇಲೆ 36 ಆಯಿತು. ಆಗಲೂ ಗುಂಡಿ ಒತ್ತುವ ಮುಂಚೆ ಕೈ ತಡೆಯುತ್ತಿತ್ತು, ಏಕೆಂದರೆ ಒಂದೊಂದಕ್ಕೂ ದುಡ್ಡು. ಈಗ ಒಂದೇ ಬೆಳಿಗ್ಗೆ ಸಾವಿರ ತೆಗೆದರೂ ಕಾರ್ಡು ತುಂಬುವುದಿಲ್ಲ. "ಬುದ್ಧಿ, ನಮ್ಮಪ್ಪ ಹನ್ನೆರಡು ತೆಗೆದು ಹನ್ನೊಂದು ಕೊಡುತ್ತಿದ್ದ. ನಾನು ಸಾವಿರ ತೆಗೆದು, ಆರಿಸುವುದರಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದೇನೆ" ಎಂದರು.

ಅವರ ಕಷ್ಟವನ್ನೂ ನೀವು ತಿಳಿಯಬೇಕು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಊರಿನ ಸ್ಟುಡಿಯೋಗಳಿಗೆ ಪಾಸ್‌ಪೋರ್ಟ್ ಅಳತೆಯ ಚಿತ್ರವೊಂದೇ ಗತಿಯಾಯಿತು. ಎಷ್ಟೋ ಅಂಗಡಿಗಳು ಮುಚ್ಚಿದವು. ಈ ಮದುವೆಗೆ ಮುಂಚಿನ ಚಿತ್ರಗಳಿಂದ ಕೆಲವು ಮನೆಗಳ ಒಲೆ ಉರಿಯುತ್ತಿದೆ. ಮಠ ಒಂದು ಅಪ್ಪಣೆ ಹೊರಡಿಸಿ ಇದನ್ನು ನಿಲ್ಲಿಸಿಬಿಟ್ಟರೆ, ಅಪ್ಪಣೆ ಬರೆದ ಕೈಗೆ ಏನೂ ಆಗುವುದಿಲ್ಲ, ಅವರ ಒಲೆಗೆ ಆಗುತ್ತದೆ. ಹಿರಿಯರು ಇದನ್ನು ಯೋಚಿಸಿರಲಿಕ್ಕಿಲ್ಲ.

ಬೆಳಕಿನ ವಿಚಾರವಾಗಿ ಅವರು ಹೇಳಿದ್ದು ಇನ್ನೂ ಸೊಗಸು. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ತೆಗೆದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಎಂಥ ಚೆಲುವರೂ ದಣಿದವರಂತೆ ಕಾಣುತ್ತಾರೆ. ಹುಡುಗನ ಪಟ್ಟಿಯಲ್ಲಿ ಕೆರೆಯ ತೆಪ್ಪ ಇದ್ದದ್ದು ಅದೇ ಹೊತ್ತಿಗೆ! ಹೊತ್ತು ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ, ಇವೆರಡೇ ಒಳ್ಳೆಯ ವೇಳೆ. ಆಗ ಕಿರಣಗಳು ಓರೆಯಾಗಿ ಬರುತ್ತವೆ. ಗಾಳಿಯ ದಪ್ಪ ಪದರವನ್ನು ಹಾದು ಬರುವಷ್ಟರಲ್ಲಿ ನೀಲಿಯ ಭಾಗ ಚೆದುರಿಹೋಗಿ, ಹಳದಿ ಕೆಂಪು ಉಳಿದು ನಮ್ಮನ್ನು ಮುಟ್ಟುತ್ತವೆ. ಆದ್ದರಿಂದಲೇ ಆ ಹೊಂಬಣ್ಣ. ಅದಕ್ಕೆ ಯಾರೂ ಕಾಸು ಕೊಡಬೇಕಾಗಿಲ್ಲ. ಬೇಗ ಏಳಬೇಕು, ಅಷ್ಟೇ. ಸಂಡೂರಿನ ಎಂ. ವೈ. ಘೋರ್ಪಡೆಯವರನ್ನು ನೀವು ಕೇಳಿರುತ್ತೀರಿ. ರಾಜ್ಯದ ಹಣಕಾಸು ಮಂತ್ರಿಗಳಾಗಿದ್ದವರು, ಕಾಡುಪ್ರಾಣಿಗಳ ಛಾಯಾಗ್ರಹಣದಲ್ಲಿ ದೇಶ ವಿದೇಶಗಳಲ್ಲಿ ಹೆಸರಾದವರು. ಆನೆಗೂ ಜಿಂಕೆಗೂ "ಸ್ವಲ್ಪ ಈ ಕಡೆ ತಿರುಗಿ, ನಗಿ" ಎಂದು ಹೇಳಲಾಗುವುದಿಲ್ಲ. ಅವರ ವಿದ್ಯೆಯೆಲ್ಲ ಕಾಯುವುದರಲ್ಲಿತ್ತು. ನಮ್ಮ ಛಾಯಾಗ್ರಾಹಕರು ಹೇಳುವುದೂ ಅದನ್ನೇ. ಹುಡುಗ ಹುಡುಗಿಯನ್ನು ಬೊಂಬೆಗಳ ಹಾಗೆ ತಿರುಗಿಸಿ ನಿಲ್ಲಿಸಿದ ಚಿತ್ರಕ್ಕಿಂತ, ಅವರಷ್ಟಕ್ಕೆ ಬಿಟ್ಟು ಕಾದು ತೆಗೆದದ್ದು ಹೆಚ್ಚು ಬಾಳುತ್ತದೆ ಎಂದು. ಮೈಗೆ ಮೈ ತಾಗಿಸಿ ನಿಲ್ಲಿ ಎಂದು ಹೇಳಿದಾಗ ಹುಡುಗಿಯರ ಭುಜ ಬಿಗಿಯಾಗುವುದು ತಮಗೆ ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಹುಡುಗರಿಗೆ ಕಾಣುವುದಿಲ್ಲ ಎಂದರು. ತಾಯಂದಿರೇ, ನಿಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳಿ ಕಳಿಸಿ. ಯಾವ ಭಂಗಿ ಇಷ್ಟವಿಲ್ಲವೋ ಅದಕ್ಕೆ ಒಲ್ಲೆ ಎನ್ನಬಹುದು. ಮೊದಲ ದಿನವೇ ಎನ್ನಬಹುದು.

ಈಗ ಒಂದು ಕಹಿ ಸಂಗತಿ. ಊರು ಬೇಡ, ಹೆಸರು ಬೇಡ. ಕೆಲವು ವರ್ಷಗಳ ಕೆಳಗೆ ನಮ್ಮ ಭಕ್ತರೊಬ್ಬರ ಮಗಳಿಗೆ ನಿಶ್ಚಯವಾಗಿ, ಚಿತ್ರಗಳೂ ಆಗಿ, ಆಮೇಲೆ ಸಂಬಂಧ ಮುರಿಯಿತು. ಯಾರ ತಪ್ಪೆಂದು ನಾವು ಇಲ್ಲಿ ವಿಚಾರಿಸುವುದಿಲ್ಲ. ನಿಶ್ಚಯ ಮುರಿಯುವುದು ಹೊಸದಲ್ಲ. ಹಿಂದೆಯೂ ಎಲೆ ಅಡಿಕೆ ಹಿಂದಿರುಗಿಸಿ, ಸೀರೆ ವಾಪಸು ಕಳಿಸಿ ಮುಗಿಸುತ್ತಿದ್ದರು. ಆದರೆ ಚಿತ್ರಗಳನ್ನು ವಾಪಸು ಪಡೆಯುವುದು ಹೇಗೆ? ಅವು ಹುಡುಗನ ಸ್ನೇಹಿತರ ಮೊಬೈಲುಗಳಲ್ಲೆಲ್ಲ ಹರಡಿದ್ದವು. ಇಷ್ಟು ಸಾಲದೆಂಬಂತೆ ಸ್ಟುಡಿಯೋದವನು ಅವರ ದೊಡ್ಡ ಚಿತ್ರವನ್ನು ತನ್ನ ಅಂಗಡಿಯ ಮುಂದೆ ಜಾಹೀರಾತಾಗಿ ಹಾಕಿದ್ದ. ಆ ತಂದೆ ಹೋಗಿ ಕೈಮುಗಿದು ಕೇಳಿದರೆ, "ನೀವೇ ಸಹಿ ಮಾಡಿದ್ದೀರಿ" ಎಂದು ಕಾಗದ ತೋರಿಸಿದ. ಹುಡುಗಿ ಆ ರಸ್ತೆಯಲ್ಲಿಯೇ ಕಾಲೇಜಿಗೆ ಹೋಗಬೇಕಾಗಿತ್ತು. ಅವಳು ಸುತ್ತುಬಳಸಿ ಬೇರೆ ದಾರಿಯಲ್ಲಿ ಹೋಗುತ್ತಿದ್ದಳು. ಆ ತಂದೆ ನಮ್ಮ ಮುಂದೆ ಕೂತು ಅತ್ತದ್ದನ್ನು ಮರೆಯಲಾರೆವು. ಕೊನೆಗೆ ನಾಲ್ಕು ಜನ ಹೋಗಿ ತೆಗೆಸಬೇಕಾಯಿತು.

ಆಗ ನಾವು ಒಬ್ಬ ವಕೀಲರನ್ನು ಕೇಳಿ ತಿಳಿದುಕೊಂಡೆವು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ, ಒಬ್ಬರು ಹಣ ಕೊಟ್ಟು ತಮಗಾಗಿ ಫೋಟೋ ತೆಗೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಅದರ ಹಕ್ಕು ತೆಗೆಸಿಕೊಂಡವರದೇ. ಕಟ್ಟು ಬೀಳುವುದು ಈ "ಒಪ್ಪಂದ ಇಲ್ಲದಿದ್ದಲ್ಲಿ" ಎಂಬ ಮಾತಿನಲ್ಲಿ. ಮುಂಗಡ ಕೊಡುವ ದಿನ ಸಂತೋಷದ ಭರದಲ್ಲಿ ಓದದೆ ಸಹಿ ಹಾಕುತ್ತೇವೆ. ಅದರಲ್ಲಿ ಎಲ್ಲೋ ಒಂದು ಸಾಲು, ಚಿತ್ರಗಳನ್ನು ಸ್ಟುಡಿಯೋದವರು ತಮ್ಮ ಪ್ರಚಾರಕ್ಕೆ ಬಳಸಬಹುದು ಎಂದು ಇರುತ್ತದೆ. ಆ ಸಾಲನ್ನು ಹೊಡೆದು ಹಾಕಿಸಿ. ಮದುವೆ ಆಗುವವರೆಗೆ ಯಾರಿಗೂ ಕೊಡಕೂಡದು ಎಂದು ಬರೆಸಿ. ಮರ್ಯಾದಸ್ಥ ಛಾಯಾಗ್ರಾಹಕರು ಇದಕ್ಕೆ ಬೇಸರಪಡುವುದಿಲ್ಲ. ನಮ್ಮ ತಾಲ್ಲೂಕಿನವರಂತೂ ತಾವೇ ಆ ಸಾಲು ಸೇರಿಸಿಕೊಡುತ್ತಾರೆ. ಛತ್ರದಲ್ಲಿ ಪರದೆ ಹಾಕಿ ತೋರಿಸುವ ವಿಚಾರವೂ ಇದರೊಳಗೇ ಬರುತ್ತದೆ. ಇಬ್ಬರ ಮಧ್ಯೆ ಇದ್ದ ನಗುವನ್ನು ಸಾವಿರ ಜನ ಊಟ ಮಾಡುತ್ತ ನೋಡಬೇಕೇ ಎಂಬುದನ್ನು ಆ ಇಬ್ಬರೇ ನಿರ್ಧರಿಸಲಿ. ನಮ್ಮ ಅಭಿಪ್ರಾಯ ಕೇಳಿದರೆ, ಪರದೆ ಬೇಡ.

ಹಿರಿಯರು ಕೇಳಿದ ಅಪ್ಪಣೆಗೆ ನಮ್ಮ ಉತ್ತರ ಇಷ್ಟು. ನಿಷೇಧ ಮಾಡುವುದಿಲ್ಲ. ನಿಷೇಧ ಮಾಡಿದರೆ ಮಕ್ಕಳು ನಮಗೆ ಹೇಳದೆ ಹೋಗುತ್ತಾರೆ, ತೆಪ್ಪ ಹತ್ತುವಾಗ ಬೇಡ ಎನ್ನುವವರು ಯಾರೂ ಇರುವುದಿಲ್ಲ. ಅದರ ಬದಲು ಅವರು ಯೋಜನೆ ಹಾಕುವಾಗ ಜೊತೆಗೆ ಕೂರಿರಿ. ಹಣ ಎಲ್ಲಿಂದ ಬರುತ್ತದೆಂದು ಎರಡೂ ಮನೆಯವರು ಬಾಯಿ ಬಿಟ್ಟು ಮಾತಾಡಿ. ಹೆಣ್ಣಿನ ತಂದೆ "ಪರವಾಗಿಲ್ಲ, ನೋಡೋಣ" ಎಂದರೆ ಅದರ ಅರ್ಥವೇನೆಂದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ನಟಿಸಬೇಡಿ. ಸಾಮೂಹಿಕ ವಿವಾಹಗಳಲ್ಲಿ ಎಲ್ಲ ಜೋಡಿಗಳನ್ನೂ ಸಾಲಾಗಿ ನಿಲ್ಲಿಸಿ ಒಂದೇ ಚಿತ್ರ ತೆಗೆಯುತ್ತಾರೆ. ಆ ಒಂದು ಚಿತ್ರದಲ್ಲಿ ತಮ್ಮ ಮುಖ ಹುಡುಕಿಕೊಂಡು ಮೊಮ್ಮಕ್ಕಳಿಗೆ ತೋರಿಸುವವರು ನಮ್ಮ ನಡುವೆಯೇ ಕೂತಿದ್ದಾರೆ. ಅವರ ಸಂಸಾರಕ್ಕೆ ಏನೂ ಕೊರತೆಯಾಗಿಲ್ಲ.

ಆ ಹುಡುಗ ಹುಡುಗಿಯ ಕತೆ ಏನಾಯಿತೆಂದು ತಾಯಂದಿರ ಕಡೆಯಿಂದ ಆಗಲೇ ಪಿಸುಮಾತು ಬರುತ್ತಿದೆ. ಹೇಳುತ್ತೇವೆ.

ಅವರು ಕೋಟೆ, ಕೆರೆ ಎರಡನ್ನೂ ಬಿಟ್ಟರು. ಡ್ರೋನೂ ಹೋಯಿತು. ಹುಡುಗ ತಾನೇ ಹೋಗಿ ಕಡಸು ಕೊಂಡವರನ್ನು ಹುಡುಕಿದ. ಅವರು ಅದೇ ಬೆಲೆಗೆ ಹಿಂದಕ್ಕೆ ಕೊಡಲು ಒಪ್ಪಲಿಲ್ಲ. ಎರಡು ಸಾವಿರ ಮೇಲೆ ಕೊಟ್ಟು ಬಿಡಿಸಿಕೊಂಡು ಬಂದ. ಆ ಎರಡು ಸಾವಿರ ಅವನ ಸಂಬಳದ್ದು. ಮಾವನಿಗೆ ಇದರಿಂದ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತಂತೆ, ಎರಡು ದಿನ ಅಳಿಯನಾಗುವವನ ಮುಖ ನೋಡಿ ಮಾತಾಡಲಿಲ್ಲವಂತೆ. ಅದು ಸಹಜ. ಸರಿಹೋಗಲು ಸಮಯ ಬೇಕು. ಹುಡುಗಿಯ ಅಜ್ಜಿಗೆ ಎಂಬತ್ತು ದಾಟಿದೆ, ಮೊಣಕಾಲು ನೋವು, ಛತ್ರದ ಮೆಟ್ಟಿಲು ಹತ್ತಲಾರರು. "ಮದುವೆಯ ದಿನ ಅಜ್ಜಿ ನಮ್ಮ ಜೊತೆ ನಿಲ್ಲುವುದು ಆಗುವುದಿಲ್ಲ, ಚಿತ್ರ ಮನೆಯಲ್ಲೇ ತೆಗೆಸೋಣ" ಎಂದು ಹುಡುಗಿ ಹೇಳಿದಳಂತೆ. ಈ ಸಲ ಅವಳೇ ಹೇಳಿದಳು.

ಒಂದು ಭಾನುವಾರ ಹೊತ್ತು ಹುಟ್ಟುವ ಮುಂಚೆಯೇ ಛಾಯಾಗ್ರಾಹಕರು ಆ ಹಳ್ಳಿಗೆ ಹೋದರು. ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಕೆಲವು, ಮನೆಯ ಮುಂದಿನ ಜಗಲಿಯ ಮೇಲೆ ಕೆಲವು. ಒಂಬತ್ತು ಗಂಟೆಗೆಲ್ಲ ಕೆಲಸ ಮುಗಿಯಿತು. ಎಲ್ಲ ಸೇರಿ ಖರ್ಚು 7,000 ರೂಪಾಯಿ. ಛಾಯಾಗ್ರಾಹಕರಿಗೆ ಅದರಲ್ಲಿ ಲಾಭವೇನೂ ಹೆಚ್ಚು ಉಳಿಯಲಿಲ್ಲ, ಮದುವೆಯ ಕೆಲಸ ಅವರಿಗೇ ಗೊತ್ತುಮಾಡಿದ್ದಾರೆ.

ಮೊನ್ನೆ ಹುಡುಗ ಒಂದು ಚಿತ್ರವನ್ನು ದೊಡ್ಡದು ಮಾಡಿಸಿ ಮಠಕ್ಕೆ ತಂದಿದ್ದ. ಛಾಯಾಗ್ರಾಹಕರು ಇದು ಕೆಟ್ಟಿದೆ ಎಂದು ಅಳಿಸಲು ಹೊರಟಿದ್ದರಂತೆ. ಜಗಲಿಯ ಮೇಲೆ ಅಜ್ಜಿ ನಡುವೆ, ಇವರಿಬ್ಬರೂ ಆಚೆ ಈಚೆ. ಸರಿಯಾಗಿ ಅದೇ ಗಳಿಗೆಗೆ ಆ ಕಡಸು ಹಗ್ಗ ಬಿಚ್ಚಿಕೊಂಡು ಬಂದು ಜಗಲಿಯ ಮೇಲಿನ ಹೂವಿನ ಬುಟ್ಟಿಗೆ ಬಾಯಿ ಹಾಕಿದೆ. ಅಜ್ಜಿ ಕೋಲೆತ್ತಿ ಹಛಾ ಎನ್ನುತ್ತಿದ್ದಾರೆ, ಅವರ ಕೈ ಅಲುಗಿ ಮಸುಕಾಗಿದೆ. ಹುಡುಗನ ಕಣ್ಣು ಮುಚ್ಚಿವೆ. ಹುಡುಗಿ ಬಾಯ್ತುಂಬ ನಗುತ್ತಿದ್ದಾಳೆ, ಭುಜ ಸಡಿಲವಾಗಿದೆ. ಅಜ್ಜಿಗೆ ತೋರಿಸಿದಾಗ, "ನಾನು ಇಷ್ಟು ಮುದುಕಿಯೇನೇ?" ಎಂದು ಕೇಳಿದರಂತೆ.

"ಇದನ್ನು ಕಟ್ಟು ಹಾಕಿಸಬೇಕು ಬುದ್ಧಿ" ಎಂದ ಹುಡುಗ. ನಾವು ಚಿತ್ರವನ್ನು ಬಹಳ ಹೊತ್ತು ನೋಡಿ ಅವನ ಕೈಗೆ ಕೊಟ್ಟೆವು. ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತಲೂ ರಟ್ಟಿನ ಪಟ್ಟಿ ಕೊಡಿಸು, ಸೋರುವ ಗೋಡೆಗೆ ಹಾಕಬೇಡ, ಇನ್ನೊಂದು ಪ್ರತಿ ಮಾಡಿಸಿ ಬೇರೆ ಮನೆಯಲ್ಲಿಡು ಎಂದು ಹೇಳಿ ಕಳಿಸಿದೆವು. ಮದುವೆ ಬರುವ ಮಾಘದಲ್ಲಿದೆ.